ತೋಳಿಗೂ ತೊಡೆಗೂ ಒಂದೇ ನ್ಯಾಯ: ವ್ಯಾಯಾಮಾಚಾರ್ಯ ಕೆ.ವಿ. ಅಯ್ಯರ್

ಕೋಲಾರ ವೆಂಕಟೇಶ ಅಯ್ಯರ್ ಅವರನ್ನು ಕನ್ನಡಿಗರು ಎರಡು ಕಾರಣಗಳಿಂದ ಬಲ್ಲರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಓದಿದವರಿಗೆ ಅವರು ಸಾಹಿತಿ. ಬೆಂಗಳೂರಿನ ಹಳಬರಿಗೆ ವ್ಯಾಯಾಮಶಾಲೆಯ ಅಯ್ಯರ್. ಲೇಖನಿ ಹಿಡಿದ ಕೈಯೇ ಕಬ್ಬಿಣದ ಗುಂಡನ್ನೂ ಎತ್ತಿದ ಇಂಥ ಉದಾಹರಣೆ ನಮ್ಮ ಭಾಷೆಯಲ್ಲಿ ವಿರಳ. ರಾಯದುರ್ಗ, ಮಡಕಶಿರಾ ತಾಲ್ಲೂಕುಗಳ ಕನ್ನಡ ಶಾಲೆಗಳ ಮಕ್ಕಳು ಅವರನ್ನು ಅರಿಯಬೇಕಾದುದಕ್ಕೆ ಇನ್ನೊಂದು ಕಾರಣವೂ ಉಂಟು. ಹೈಸ್ಕೂಲು ದಾಟಿದ ಹುಡುಗರು ಇಂದು ಮೊಬೈಲ್ ಪರದೆಯ ಮೇಲೆ ಹುಡುಕುವ ಪ್ರಶ್ನೆಗೆ ಅವರ ಬದುಕಿನಲ್ಲಿ ಉತ್ತರವಿದೆ. ಹೊಲ ಸುತ್ತಿ, ಸೈಕಲ್ ತುಳಿದು ಕಾಲು ದಪ್ಪವಾಗಿದೆ, ತೋಳು ಮಾತ್ರ ಸಣಕಲಾಗಿದೆ. ಕಾಲಿನ ಮಾಂಸವನ್ನು ತೋಳಿಗೆ ಸಾಗಿಸುವ ಉಪಾಯವಿದೆಯೇ ಎಂಬುದು ಆ ಪ್ರಶ್ನೆ.

ಅಯ್ಯರ್ ಅವರು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕೋಲಾರ ಸೀಮೆಯ ದೇವರಾಯಸಮುದ್ರದಲ್ಲಿ ಜನಿಸಿದರು. ನಮ್ಮ ಊರುಗಳಂತೆ ಆ ಸೀಮೆಯೂ ಕನ್ನಡ ತೆಲುಗುಗಳೆರಡೂ ಬೀದಿಯಲ್ಲಿ ಕೇಳಿಬರುವ ನಾಡು. ಅವರ ಬಾಲ್ಯವು ದೇಹಬಲದ ಕಥೆಗಳು ದೇಶವನ್ನೆಲ್ಲ ಆವರಿಸಿದ್ದ ಕಾಲ. ಯುರೋಪಿನ ಪ್ರಖ್ಯಾತ ಅಂಗಸಾಧಕ ಯೂಜೀನ್ ಸ್ಯಾಂಡೋ 1904–05ರ ಸುಮಾರಿಗೆ ಭಾರತದಲ್ಲಿ ಪ್ರವಾಸ ಮಾಡಿ ಪ್ರದರ್ಶನಗಳನ್ನು ನೀಡಿದ್ದನು. ಆಂಧ್ರದ ಕೋಡಿ ರಾಮಮೂರ್ತಿ ನಾಯುಡು ಅವರು ಸರಪಳಿ ತುಂಡರಿಸಿ, ಎದೆಯ ಮೇಲೆ ಆನೆಯನ್ನು ಹತ್ತಿಸಿಕೊಂಡು ಜನರನ್ನು ಬೆರಗುಗೊಳಿಸುತ್ತಿದ್ದರು. ಪರಾಧೀನ ಜನಾಂಗಕ್ಕೆ ಆ ದೃಶ್ಯ ಕೇವಲ ಸರ್ಕಸ್ಸಾಗಿರಲಿಲ್ಲ. ದುರ್ಬಲರೆಂಬ ಅಪವಾದಕ್ಕೆ ಕೊಟ್ಟ ಉತ್ತರವಾಗಿತ್ತು.

ಬೆಂಗಳೂರಿಗೆ ಬಂದ ಅಯ್ಯರ್ ಅವರು ಸ್ವಂತ ಸಾಧನೆಯಿಂದ ದೇಹವನ್ನು ಕಟ್ಟಿಕೊಂಡು, ಇತರರಿಗೂ ಕಲಿಸತೊಡಗಿದರು. ಗ್ರೀಕ್ ಶಿಲ್ಪಗಳ ಭಂಗಿಯಲ್ಲಿ ತೆಗೆಸಿದ ಅವರ ಛಾಯಾಚಿತ್ರಗಳು ವಿದೇಶದ ಅಂಗಸಾಧನೆಯ ಪತ್ರಿಕೆಗಳಲ್ಲಿಯೂ ಪ್ರಕಟವಾದವು. ಆ ಚಿತ್ರಗಳಲ್ಲಿ ಮೊದಲು ಕಾಣುವುದು ಯಾವುದೋ ಒಂದು ಸ್ನಾಯುವಿನ ಉಬ್ಬಲ್ಲ, ಇಡೀ ದೇಹದ ಹದ. ಹೆಗಲಿಗೆ ತಕ್ಕ ಎದೆ, ಎದೆಗೆ ತಕ್ಕ ತೊಡೆ, ತೊಡೆಗೆ ತಕ್ಕ ಮೀನಖಂಡ. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’, 1937ರಲ್ಲಿ ‘ಸೂರ್ಯ ನಮಸ್ಕಾರ’ ಎಂಬ ಅವರ ಇಂಗ್ಲಿಷ್ ಗ್ರಂಥಗಳು ಹೊರಬಂದವು. ಪಶ್ಚಿಮದ ಭಾರ ಎತ್ತುವ ಸಾಧನೆಯನ್ನೂ ನಮ್ಮ ಯೋಗಾಸನಗಳನ್ನೂ ಅವರು ಪರಸ್ಪರ ವಿರೋಧಿಗಳೆಂದು ಎಣಿಸಲಿಲ್ಲ. ಸ್ನಾಯು ಬೆಳೆಯಲು ಭಾರ, ಒಳ ಅಂಗಗಳ ಆರೋಗ್ಯಕ್ಕೆ ಆಸನ, ಸರ್ವಾಂಗಕ್ಕೂ ಸೂರ್ಯನಮಸ್ಕಾರ ಎಂಬುದು ಅವರ ಪದ್ಧತಿಯ ತಿರುಳು. ಯೋಗಾಚಾರ್ಯ ಸುಂದರಂ ಅವರು ಈ ಕಾರ್ಯದಲ್ಲಿ ಅವರ ಒಡನಾಡಿಯಾಗಿದ್ದರು.

ಈ ಪದ್ಧತಿಯ ಹಿಂದಿನ ನ್ಯಾಯವನ್ನು ಇಂದಿನ ಶರೀರಶಾಸ್ತ್ರದ ಬೆಳಕಿನಲ್ಲಿ ನೋಡೋಣ. ದೇಹದ ಒಂದು ಭಾಗದ ಸ್ನಾಯು ಇನ್ನೊಂದು ಭಾಗಕ್ಕೆ ವಲಸೆ ಹೋಗುವುದಿಲ್ಲ. ಯಾವ ಸ್ನಾಯುವಿನ ಮೇಲೆ ಭಾರ ಬೀಳುವುದೋ ಆ ಸ್ನಾಯುವೇ ಬೆಳೆಯುತ್ತದೆ. ಯಾವುದಕ್ಕೆ ಕೆಲಸವಿಲ್ಲವೋ ಅದು ಕ್ಷೀಣಿಸುತ್ತದೆ. ಕೆಲವು ವಾರ ಹಾಸಿಗೆ ಹಿಡಿದ ರೋಗಿಯ ತೊಡೆಗಳು ಸೊರಗುವುದನ್ನು ಯಾರಾದರೂ ಕಾಣಬಹುದು. ಆದರೆ ಕಾಲು ಸೊರಗಿತೆಂದ ಮಾತ್ರಕ್ಕೆ ತೋಳು ತುಂಬಿಕೊಳ್ಳುವುದಿಲ್ಲ. ಆಹಾರವೂ ಹಾಗೆಯೇ. ತಿಂದ ಪ್ರೋಟೀನು ಜೀರ್ಣವಾಗಿ ರಕ್ತದಲ್ಲಿ ಸೇರಿ ಇಡೀ ದೇಹವನ್ನು ಸುತ್ತುತ್ತದೆ. ಅದನ್ನು ತೋಳಿಗೇ ಕಳುಹಿಸುವ ಆಹಾರ ಯಾವುದೂ ಇಲ್ಲ. ಎಲ್ಲಿ ವ್ಯಾಯಾಮದ ಬೇಡಿಕೆ ಹುಟ್ಟಿದೆಯೋ ಅಲ್ಲಿ ಅದು ಹೆಚ್ಚಾಗಿ ಬಳಕೆಯಾಗುತ್ತದೆ. ಊಟ ಬಿಟ್ಟು ಕಾಲನ್ನು ಸಣ್ಣದಾಗಿಸಲು ಹೊರಟವನು ಬೆಳೆಯಬೇಕಾದ ತೋಳನ್ನೂ ಉಪವಾಸ ಕೆಡವುತ್ತಾನೆ.

ಹಾಗಾದರೆ ಅಸಮತೋಲವನ್ನು ಸರಿಪಡಿಸುವ ಬಗೆ ಹೇಗೆ? ಹಿಂದುಳಿದ ಭಾಗಕ್ಕೆ ಹೆಚ್ಚಿನ ಸಾಧನೆ, ಮುಂದಿರುವ ಭಾಗಕ್ಕೆ ಅದು ಉಳಿಯುವಷ್ಟು ಸಾಧನೆ. ಸ್ನಾಯುವನ್ನು ಬೆಳೆಸಲು ಬೇಕಾಗುವ ಶ್ರಮದ ಮೂರನೆಯ ಒಂದು ಭಾಗ ದೊರೆತರೂ, ಅದರ ತೀವ್ರತೆ ಕುಗ್ಗದಿದ್ದರೆ, ಬೆಳೆದ ಸ್ನಾಯು ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಗರಡಿಮನೆಯ ಭಾಷೆಯಲ್ಲಿ ಹೇಳುವುದಾದರೆ ದಂಡ ಎದೆ, ಹೆಗಲು, ತೋಳುಗಳಿಗೆ. ಬಸ್ಕಿ ತೊಡೆ, ಸೊಂಟಗಳಿಗೆ. ಕಾಲು ಗಟ್ಟಿಯಿದ್ದು ತೋಳು ಬಡವಾದವನು ವಾರಕ್ಕೆ ಮೂರು ದಿನ ದಂಡ ಹೊಡೆಯಲಿ, ಕೊಂಬೆಯೋ ಕಂಬಿಯೋ ಹಿಡಿದು ಮೈಯನ್ನು ಮೇಲಕ್ಕೆಳೆಯಲಿ. ಬಸ್ಕಿಗೆ ಒಂದು ದಿನ ಮೀಸಲಿಡಲಿ. ರಾಯದುರ್ಗದ ಜೀನ್ಸ್ ಹೊಲಿಗೆ ಮನೆಗಳಲ್ಲಿ ದಿನವಿಡೀ ಯಂತ್ರದ ಮುಂದೆ ಬಾಗಿ ಕೂರುವ ಯುವಕರಿಗೆ ಬೆನ್ನು, ಸೊಂಟ, ತೊಡೆಗಳ ಸಾಧನೆಯೇ ಮೊದಲು ಬೇಕಾದೀತು. ಒಮ್ಮೆ ದುಡಿದ ಸ್ನಾಯುವಿಗೆ ಮತ್ತೆ ದುಡಿಯುವ ಮುನ್ನ ಒಂದೆರಡು ದಿನದ ವಿಶ್ರಾಂತಿ ಇರಲಿ. ಕಣ್ಣಿಗೆ ಕಾಣುವ ಬದಲಾವಣೆಗೆ ಎರಡು ಮೂರು ತಿಂಗಳ ತಾಳ್ಮೆ ಅಗತ್ಯ. ಹರೆಯಕ್ಕೆ ಕಾಲಿಡದ ಬಾಲಕರಲ್ಲಿ ವ್ಯಾಯಾಮದಿಂದ ಶಕ್ತಿ ಹೆಚ್ಚುತ್ತದೆಯೇ ಹೊರತು ಸ್ನಾಯುವಿನ ಗಾತ್ರ ಅಷ್ಟಾಗಿ ಹೆಚ್ಚುವುದಿಲ್ಲ ಎಂಬುದನ್ನು ಪಾಲಕರು ನೆನಪಿಡಬೇಕು.

ಊಟದ ವಿಷಯದಲ್ಲಿ ನಮ್ಮ ನೆಲ ಬಡದಾದರೂ ಬರಿದಲ್ಲ. ಕ್ರಮವಾಗಿ ಸಾಧನೆ ಮಾಡುವ ಯುವಕನಿಗೆ ಪ್ರತಿ ಕಿಲೋ ತೂಕಕ್ಕೆ ದಿನವೊಂದಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನು ಸಾಕು. 50 ಕಿಲೋ ತೂಗುವವನಿಗೆ 60ರಿಂದ 80 ಗ್ರಾಂ. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ, ಹುರುಳಿಯಲ್ಲಿ ಸುಮಾರು 22 ಗ್ರಾಂ, ರಾಗಿಯಲ್ಲಿ ಸುಮಾರು 7 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನಿದೆ. ರಾಗಿಮುದ್ದೆ, ಹುರುಳಿಕಟ್ಟಿನ ಸಾರು, ಒಂದು ಹಿಡಿ ಕಡಲೆಕಾಯಿ, ಎರಡು ಲೋಟ ಹಾಲು, ಶಾಲೆಯ ಊಟದ ಮೊಟ್ಟೆ ಇವು ಕೂಡಿದರೆ ಲೆಕ್ಕ ಬಹುಪಾಲು ತುಂಬುತ್ತದೆ. ಸಾವಿರಾರು ರೂಪಾಯಿಯ ಪುಡಿಯ ಡಬ್ಬಿಗೆ ಸಾಲ ಮಾಡಬೇಕಾಗಿಲ್ಲ. ಬೇಗ ಬೆಳೆಸುವೆವೆಂದು ಯಾರಾದರೂ ಚುಚ್ಚುಮದ್ದು ತೋರಿಸಿದರೆ ಆ ಬಾಗಿಲಿಗೆ ಮತ್ತೆ ಹೋಗಲೇಬಾರದು. ಹಾರ್ಮೋನಿನ ಔಷಧಗಳು ಹೃದಯವನ್ನೂ ಯಕೃತ್ತನ್ನೂ ಕೆಡಿಸುತ್ತವೆ, ಹರೆಯದವರ ಎತ್ತರವನ್ನೇ ಕುಂಠಿತಗೊಳಿಸಬಲ್ಲವು.

ಅಯ್ಯರ್ ಅವರ ಬದುಕಿನಲ್ಲಿ ನಮ್ಮಂಥ ದೂರದ ಊರಿನವರಿಗೆ ಆಪ್ತವಾಗುವ ಇನ್ನೊಂದು ಸಂಗತಿಯಿದೆ. ವ್ಯಾಯಾಮಶಾಲೆಗೆ ಬರಲಾರದವರಿಗೆ ಅವರು ಅಂಚೆಯ ಮೂಲಕ ಪಾಠ ಕಳುಹಿಸುತ್ತಿದ್ದರು. ವಿದ್ಯೆಯು ರಾಜಧಾನಿಯ ಸೊತ್ತಾಗಿ ಉಳಿಯಬಾರದೆಂಬ ಆ ಕ್ರಮದ ಬೆಲೆ ಗಡಿಯಲ್ಲಿರುವವರಿಗೆ ಚೆನ್ನಾಗಿ ತಿಳಿದೀತು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯವೂ ಅವರಿಗೆ ದೊರೆಯಿತು. ಬೆಂಗಳೂರಿನ ಈಗಿನ ಜೆ.ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆ ನೆಲೆಗೊಂಡಿತು. ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯರಾದ್ದರಿಂದ ಬೆವರಿನ ಆ ಮನೆ ಸಾಹಿತ್ಯದ ಮನೆಯೂ ಆಯಿತು.

ಮುಂದೆ ಅಯ್ಯರ್ ಅವರೇ ಕಾದಂಬರಿಕಾರರಾದರು. ‘ಶಾಂತಲಾ’ ಹೊಯ್ಸಳ ರಾಣಿಯ ಕಥೆ. ‘ರೂಪದರ್ಶಿ’ ಇಟಲಿಯ ಚಿತ್ರಕಾರನೊಬ್ಬನ ಕಥೆ: ಬಾಲಯೇಸುವಿನ ಚಿತ್ರಕ್ಕೆ ರೂಪದರ್ಶಿಯಾಗಿ ದೊರೆತ ಮುಗ್ಧ ಬಾಲಕನೇ, ವರ್ಷಗಳು ಕಳೆದ ಮೇಲೆ, ದ್ರೋಹಿ ಜೂಡಾಸನ ಚಿತ್ರಕ್ಕೂ ರೂಪದರ್ಶಿಯಾಗಿ ಎದುರು ನಿಲ್ಲುತ್ತಾನೆ. ಬಾಳಿದ ಬಾಳು ಮುಖದ ಮೇಲೆ, ಮೈಯ ಮೇಲೆ ಬರೆದುಕೊಳ್ಳುತ್ತದೆ ಎಂಬುದನ್ನು ದೇಹವನ್ನು ತಿದ್ದುವ ಕಸುಬಿನಲ್ಲಿದ್ದವರಿಗಿಂತ ಹೆಚ್ಚಾಗಿ ಬಲ್ಲವರು ಯಾರು? 1980ರಲ್ಲಿ ಅವರು ನಿಧನರಾದರು.

ಅವರ ಅಂಗಸಾಧನೆಯ ಗ್ರಂಥಗಳು ಇಂಗ್ಲಿಷಿನಲ್ಲಿವೆ, ಕಾದಂಬರಿಗಳು ಕನ್ನಡದಲ್ಲಿವೆ. ಒಂದು ಭಾಷೆಯನ್ನು ಬೆಳೆಸಲು ಇನ್ನೊಂದನ್ನು ಕರಗಿಸಬೇಕೆಂದು ಅವರು ಭಾವಿಸಲಿಲ್ಲ. 1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದಂದಿನಿಂದ ನಮ್ಮ ಮನೆಗಳಲ್ಲಿ ಈ ಭಯ ಇದ್ದೇ ಇದೆ. ಇಂದು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿರುವ, ಮೂರು ಕಡೆ ಕರ್ನಾಟಕವೇ ಸುತ್ತುವರಿದಿರುವ ಮಡಕಶಿರಾದಲ್ಲಿಯೂ ಅದೇ ಮಾತು: ಕನ್ನಡ ಕಲಿತರೆ ತೆಲುಗು, ಇಂಗ್ಲಿಷ್ ಸೊರಗಬಹುದು ಎಂದು. ಕಾಲಿನ ಬಲ ತೋಳಿನ ಬಲವನ್ನು ಕದಿಯುವುದಿಲ್ಲ. ಹಿಂದುಳಿದ ಭಾಷೆಗೆ ಹೆಚ್ಚು ದುಡಿಮೆ ಕೊಡೋಣ. ಮನೆಮಾತಿಗೆ ಉಳಿಯುವಷ್ಟು ಅಭ್ಯಾಸವನ್ನಾದರೂ ಬಿಡದೆ ಕೊಡೋಣ. ಪೊಲೀಸ್ ನೇಮಕಾತಿಯ ಮೈದಾನದಲ್ಲಿ ಎದೆಯ ಸುತ್ತಳತೆಯನ್ನೂ ಅಳೆಯುತ್ತಾರೆ, 1,600 ಮೀಟರ್ ಓಟವನ್ನೂ ಓಡಿಸುತ್ತಾರೆ. ಎರಡರಲ್ಲಿ ಒಂದನ್ನು ಬಿಟ್ಟವನಿಗೆ ಅಲ್ಲಿ ಸ್ಥಾನವಿಲ್ಲ. ದಂಡ ಬಸ್ಕಿಗಳಿಗೆ ಬೇಕಾದುದು ಒಂದು ಚಾಪೆಯಗಲದ ನೆಲ. ಅಷ್ಟು ನೆಲ ನಮ್ಮ ಪ್ರತಿಯೊಂದು ಕನ್ನಡ ಶಾಲೆಯ ಅಂಗಳದಲ್ಲಿಯೂ ಇದೆ.