ನರಗುಂದದ ಬಾಬಾಸಾಹೇಬನ ಚರಿತ್ರೆ

ನವಲಗುಂದದಿಂದ ಉತ್ತರ ದಿಕ್ಕಿಗೆ ಸುಮಾರು 12 ಮೈಲು ಹೋದರೆ ಎರೆಯ ಬಯಲಿನ ನಡುವೆ ಒಂದು ಗುಡ್ಡವು ಕಾಣುವದು. ಅದರ ನೆತ್ತಿಯ ಮೇಲೆ ಹಾಳುಬಿದ್ದ ಕೋಟೆಯೂ ಬುಡದಲ್ಲಿ ನರಗುಂದವೆಂಬ ಊರೂ ಇವೆ. ಈ ಊರು 1997ರಿಂದ ಗದಗ ಜಿಲ್ಲೆಗೆ ಸೇರಿರುವದಾದರೂ, ಅದಕ್ಕೆ ಮುಂಚೆ ಬಹುಕಾಲ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ಇಲ್ಲಿಯ ಕಡೇ ಸಂಸ್ಥಾನಿಕನಾದ ಭಾಸ್ಕರರಾವ ಭಾವೆ, ಅಂದರೆ ಬಾಬಾಸಾಹೇಬನ ಹೆಸರನ್ನು ಕೇಳದವರು ನಮ್ಮ ಸೀಮೆಯ ಹಳ್ಳಿಗಳಲ್ಲಿ ವಿರಳ. ಲಾವಣಿಗಾರರು ಅವನ ಶೌರ್ಯವನ್ನು ಹೊಗಳುತ್ತಾರೆ. ಆದರೆ ಅವನನ್ನು ಕೊಲೆಗೂ ಗಲ್ಲಿಗೂ ನಡಿಸಿದ ವ್ಯಾಜ್ಯವು ಎಲ್ಲಿಂದ ಹುಟ್ಟಿತೆಂಬದನ್ನು ಬಲ್ಲವರು ಸ್ವಲ್ಪ ಜನರೇ. ಮಗನಿಲ್ಲದ ಮನೆಗೆ ಬಾಧ್ಯಸ್ಥನನ್ನು ನೇಮಿಸುವ ಅಧಿಕಾರವು ಯಾರದು ಎಂಬದೇ ಆ ವ್ಯಾಜ್ಯದ ಮೂಲ. ಆದಕಾರಣ ಅವನ ಚರಿತ್ರೆಯನ್ನು ಸಂಕ್ಷೇಪವಾಗಿ ನಮ್ಮ ವಾಚಕರಿಗೆ ತಿಳಿಸುತ್ತೇವೆ.

ನರಗುಂದದ ಕೋಟೆಯನ್ನು 1674ರಲ್ಲಿ ಶಿವಾಜಿಯು ಕಟ್ಟಿಸಿದನೆಂದು ಹೇಳುವರು. ಮುಂದೆ ಅದು ಭಾವೆ ಮನೆತನದ ರಾಮರಾವನ ಕೈಸೇರಿತು. ನರಗುಂದ, ರಾಮದುರ್ಗ ಎಂಬ ಎರಡು ಸ್ಥಳಗಳೂ ಈ ಒಂದೇ ಮನೆತನದವು. 1785ರಲ್ಲಿ ಟಿಪ್ಪು ಸುಲ್ತಾನನು ಹೆಚ್ಚು ಕಪ್ಪವನ್ನು ಬೇಡಿ, ಕೋಟೆಯನ್ನು ಹಿಡಿದು, ಸಂಸ್ಥಾನಿಕನಾದ ವೆಂಕಟರಾವನನ್ನು ಸೆರೆಗೆ ಒಯ್ದನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮನೆತನಕ್ಕೆ ಮತ್ತೆ ಜೀವ ಬಂದಿತು. ಆಗ ನರಗುಂದವೂ ರಾಮದುರ್ಗವೂ ಬೇರೆ ಬೇರೆ ಶಾಖೆಗಳ ಪಾಲಾದವು. 1818ರಲ್ಲಿ ಪೇಶವೆಯ ರಾಜ್ಯವು ಮುಗಿಯಲು, ಎರಡೂ ಶಾಖೆಗಳು ಇಂಗ್ಲಿಷ್ ಕಂಪನಿ ಸರಕಾರದ ಆಶ್ರಯಕ್ಕೆ ಬಂದವು.

ಇಲ್ಲಿ ದತ್ತಕದ ಪದ್ಧತಿಯನ್ನು ಕೊಂಚ ವಿವರಿಸುವದು ಅವಶ್ಯ. ಗಂಡು ಸಂತಾನವಿಲ್ಲದವನು ತನ್ನ ಕುಲದ ಒಬ್ಬ ಹುಡುಗನನ್ನು ದತ್ತಕ ತಕ್ಕೊಂಡರೆ, ಆ ಹುಡುಗನು ಹೊಟ್ಟೆಯಲ್ಲಿ ಹುಟ್ಟಿದ ಮಗನಂತೆಯೇ ಮನೆಗೂ ಹೊಲಕ್ಕೂ ಹೆಸರಿಗೂ ಬಾಧ್ಯಸ್ಥನಾಗುವನೆಂಬದು ಹಿಂದೂ ಶಾಸ್ತ್ರದ ಮಾತು. ಮರಾಠಾ ಸೀಮೆಯಲ್ಲಿ ವಿಧವೆಯೂ ಗಂಡನ ಹೆಸರಿನಲ್ಲಿ ದತ್ತಕ ತಕ್ಕೊಳ್ಳುವ ವಾಡಿಕೆಯಿತ್ತು. ಸಂಸ್ಥಾನಗಳಲ್ಲಿ ಮೇಲಿನ ಅರಸನ ಒಪ್ಪಿಗೆಯನ್ನು ಬೇಡುವದು ರೂಢಿ. ಪೇಶವೆಯು ನಜರಾಣೆಯನ್ನು ತಕ್ಕೊಂಡು ಒಪ್ಪಿಗೆ ಕೊಡುತ್ತಿದ್ದನು. ಹಣವು ಭಾರವಾಗಿದ್ದರೂ ಮನೆಯ ದೀಪವು ಆರುತ್ತಿರಲಿಲ್ಲ. ಕಂಪನಿಯವರಾದರೋ, ಒಪ್ಪಿಗೆಯನ್ನು ಕೊಡುವ ಅಧಿಕಾರವಿದ್ದಮೇಲೆ ಕೊಡದೆ ಇರುವ ಅಧಿಕಾರವೂ ತಮಗೆ ಉಂಟೆಂದು ಹೇಳಿದರು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ ಥ್ಯಾಕರೆಯು ಮನ್ನಿಸದೆ ಹೋದದ್ದರಿಂದಲೇ ರಾಣಿ ಚೆನ್ನಮ್ಮನ ಯುದ್ಧವು ಉಂಟಾಯಿತು. ಥ್ಯಾಕರೆಯು ಅದರಲ್ಲಿ ಸತ್ತನು. ಗವರ್ನರ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ 1848ರಲ್ಲಿ ಸಾತಾರವೂ 1854ರಲ್ಲಿ ಝಾಂಸಿಯೂ ನಾಗಪುರವೂ ಇದೇ ನೆವದಿಂದ ಸರಕಾರದ ವಶವಾದವು.

ಬಾಬಾಸಾಹೇಬನು 1842ರಲ್ಲಿ ನರಗುಂದದ ಗಾದಿಗೆ ಬಂದನು. ಅವನು ವಿದ್ಯೆಯನ್ನು ಬಲ್ಲವನು. ಅವನು ಕೂಡಿಸಿದ ಸಂಸ್ಕೃತ ಗ್ರಂಥಗಳ ಭಂಡಾರವು ಸುತ್ತಲೆಲ್ಲ ಹೆಸರುಗೊಂಡಿತ್ತು. ಆದರೆ ಅವನಿಗೆ ಗಾದಿಗೆ ಬರತಕ್ಕ ಮಗನಿರಲಿಲ್ಲ. ದತ್ತಕಕ್ಕೆ ಅಪ್ಪಣೆಯಾಗಬೇಕೆಂದು ಅವನು ಸರಕಾರಕ್ಕೆ ಬೇಡಿಕೊಂಡನು, ಅಪ್ಪಣೆಯು ದೊರೆಯಲಿಲ್ಲ. ತನ್ನ ಸಂಗಡ ತನ್ನ ಮನೆತನವೂ ಮುಗಿಯುವದೆಂದು ಅವನಿಗೆ ಸ್ಪಷ್ಟವಾಯಿತು. ತನಗಾಗಿ ಅಲ್ಲ, ತನ್ನ ಬಳಿಕ ಬರತಕ್ಕವನಿಗಾಗಿ ಚಿಂತಿಸುವ ಮನುಷ್ಯನ ಕಹಿಯು ಆಳವಾದದ್ದು.

ಇದೇ ದಿವಸಗಳಲ್ಲಿ ದೂರದ ಡೆನ್ಮಾರ್ಕ ದೇಶದ ಅರಸನೂ ಇಂಥ ಕಷ್ಟದಲ್ಲಿದ್ದನು. ಸೀಗನ್‌ಬಾಲ್ಗನನ್ನು 1706ರಲ್ಲಿ ತರಂಗಂಬಾಡಿಗೆ ಕಳುಹಿಸಿದ ರಾಜ್ಯವೇ ಇದೆಂದು ನಮ್ಮ ವಾಚಕರು ಬಲ್ಲರು. ಅಲ್ಲಿಯ ಏಳನೆಯ ಫ್ರೆಡರಿಕ ಅರಸನು ಮೂರು ಸಾರಿ ಮದುವೆಯಾದರೂ ಮಕ್ಕಳನ್ನು ಪಡೆಯಲಿಲ್ಲ. ದೊಡ್ಡ ರಾಜ್ಯಗಳ ಪ್ರತಿನಿಧಿಗಳು 1852ರಲ್ಲಿ ಲಂಡನಿನಲ್ಲಿ ಕೂಡಿ, ಅವನ ಸಂಬಂಧಿಕನಾದ ಕ್ರಿಸ್ತಿಯಾನನು ಬಾಧ್ಯಸ್ಥನೆಂದು ಒಪ್ಪಿದರು. 1853ರಲ್ಲಿ ಅದನ್ನು ಡೆನ್ಮಾರ್ಕದವರು ಕಾನೂನಾಗಿ ಬರೆದಿಟ್ಟರು. 1863ರಲ್ಲಿ ಫ್ರೆಡರಿಕನು ಸಾಯಲು, ಕ್ರಿಸ್ತಿಯಾನನು ಸಿಂಹಾಸನವನ್ನೇರಿದನು. ಮರುವರುಷ ಪ್ರಶ್ಯಾ ಮತ್ತು ಆಸ್ಟ್ರಿಯಾ ದೇಶಗಳ ಕೂಡ ನಡೆದ ಯುದ್ಧದಲ್ಲಿ ಆ ರಾಜ್ಯವು ಮೂರು ಸೀಮೆಗಳನ್ನು ಕಳಕೊಂಡಿತು. ಆದರೂ ಸಿಂಹಾಸನವು ಬರಿದಾಗಲಿಲ್ಲ. ಇಂಗ್ಲಿಷರು ಲಂಡನಿನಲ್ಲಿ ಮಗನಿಲ್ಲದ ಒಬ್ಬ ಅರಸನಿಗೆ ಬಾಧ್ಯಸ್ಥನನ್ನು ಒಪ್ಪಿಕೊಂಡ ಕಾಲದಲ್ಲಿಯೇ, ಅವರ ಕಂಪನಿಯು ನಮ್ಮ ಸೀಮೆಯಲ್ಲಿ ಮಗನಿಲ್ಲದ ಮತ್ತೊಬ್ಬನ ಗಾದಿಯನ್ನು ಮುಚ್ಚುವದಕ್ಕೆ ಕಾದುಕೊಂಡಿತ್ತು.

ನರಗುಂದದಲ್ಲಿ ಬೆಂಕಿಗೆ ಬೇರೆ ಕಟ್ಟಿಗೆಗಳೂ ಸೇರಿದವು. ಇನಾಮು ಭೂಮಿಗಳ ಹಕ್ಕುಗಳನ್ನು ಶೋಧಿಸುವ ಕಮಿಶನ್ನು ಹಳೇ ಮನೆತನಗಳಲ್ಲಿ ಭಯವನ್ನು ಹುಟ್ಟಿಸಿತ್ತು. ಅದರಲ್ಲಿ ಕೆಲಸ ಮಾಡಿದ್ದ ಚಾರ್ಲ್ಸ್ ಮ್ಯಾನ್ಸನನೇ ಈ ಸಂಸ್ಥಾನಗಳ ಮೇಲಿನ ಪೊಲಿಟಿಕಲ್ ಏಜಂಟನಾಗಿ ಬಂದನು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯು ಹೊರಟಿತು. 1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾವನು ಎದ್ದು ಕೊಪ್ಪಳದ ಕೋಟೆಯನ್ನು ಹಿಡಿದನು. ಬಾಬಾಸಾಹೇಬನೂ ಎದ್ದನು.

ಅವನು ಬರೆದ ಕಾಗದಗಳನ್ನು ಅವನ ಮಲಸಹೋದರನಾದ ರಾಮದುರ್ಗದ ಸಂಸ್ಥಾನಿಕನು ಮ್ಯಾನ್ಸನನಿಗೆ ತೋರಿಸಿದನು. ಮ್ಯಾನ್ಸನನು ಕೆಲವೇ ಸವಾರರೊಡನೆ ನರಗುಂದದ ಕಡೆಗೆ ಹೊರಟು ಮೇ 29ರ ರಾತ್ರಿ ಸುರೇಬಾನದಲ್ಲಿ ಇಳುಕೊಂಡನು. ಬಾಬಾಸಾಹೇಬನ ಜನರು ಕತ್ತಲಲ್ಲಿ ಮೇಲೆಬಿದ್ದು ಅವನನ್ನು ಕೊಂದರು. ಅವನ ತಲೆಯನ್ನು ನರಗುಂದಕ್ಕೆ ತಂದು ಅಗಸೆಗೆ ತೂಗಹಾಕಿದರು. ಈ ಕೃತ್ಯವನ್ನು ನಾವು ಹೊಗಳಲಾರೆವು. ಅನ್ಯಾಯವನ್ನು ಉಂಡವನು ರಾತ್ರಿ ಮಲಗಿದವನನ್ನು ಕೊಂದರೆ ಅನ್ಯಾಯವು ಎರಡಾಗುವದೇ ಹೊರತು ತೀರುವದಿಲ್ಲ.

ಜೂನ್ 1ರಂದು ಕರ್ನಲ್ ಮಾಲ್ಕಮನ ದಂಡು ನರಗುಂದವನ್ನು ಮುಟ್ಟಿ ಪೇಟೆಯನ್ನು ಹಿಡಿಯಿತು. ಮರುದಿನ ಕೋಟೆಯು ಬರಿದಾಗಿ ಸಿಕ್ಕಿತು. ಯಾತ್ರಿಕನ ವೇಷದಿಂದ ಓಡಿಹೋಗಿದ್ದ ಬಾಬಾಸಾಹೇಬನನ್ನು ಪೊಲೀಸ ಅಧಿಕಾರಿಯಾದ ಸೂಟರನು ತೊರಗಲ್ಲಿನ ಕಾಡಿನಲ್ಲಿ ಹಿಡಿದನು. ಬೆಳಗಾವಿಯಲ್ಲಿ ವಿಚಾರಣೆಯಾಗಿ ಜೂನ್ 12ರಂದು ಅವನನ್ನು ಗಲ್ಲಿಗೇರಿಸಿದರು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಯ ಪಾಲಾದರು. ನರಗುಂದವನ್ನು ಸರಕಾರವು ತಕ್ಕೊಂಡು ನವಲಗುಂದ ತಾಲೂಕಿಗೆ ಸೇರಿಸಿತು.

ಇನ್ನು ಮುಂದಿನದನ್ನು ವಾಚಕರು ಲಕ್ಷ್ಯಕೊಟ್ಟು ಓದಬೇಕು. ಅದೇ 1858ರ ನವಂಬರದಲ್ಲಿ ಕಂಪನಿಯ ಆಳಿಕೆಯು ತೀರಿ ವಿಕ್ಟೋರಿಯಾ ರಾಣಿಯ ಆಳಿಕೆಯು ಮೊದಲಾಯಿತು. 1862ರಲ್ಲಿ ಗವರ್ನರ ಜನರಲ್ ಕ್ಯಾನಿಂಗನು, ಮಗನಿಲ್ಲದ ಸಂಸ್ಥಾನಿಕರು ದತ್ತಕ ತಕ್ಕೊಳ್ಳಬಹುದೆಂದು ಸನದುಗಳನ್ನು ಕೊಟ್ಟನು. ರಾಮದುರ್ಗದ ಮನೆತನಕ್ಕೂ ಕುಂದಗೋಳವನ್ನು ಆಳುತ್ತಿದ್ದ ಜಮಖಂಡಿಯ ಮನೆತನಕ್ಕೂ ದತ್ತಕದ ಸನದು ದೊರೆಯಿತು. ಆ ಎರಡೂ ಸಂಸ್ಥಾನಗಳು 1948ರ ವರೆಗೆ ಬಾಳಿದವು. ಬಾಬಾಸಾಹೇಬನು ಬೇಡಿಕೊಂಡಿದ್ದು ಇದನ್ನೇ. ಅವನು ಸತ್ತು ನಾಲ್ಕು ವರುಷಗಳಾಗುವಷ್ಟರಲ್ಲಿ ಅದು ನೆರೆಯವರಿಗೆಲ್ಲ ಕಾಗದದ ಮೇಲೆ ದೊರೆಯಿತು.

ಈಗ ನಮ್ಮ ದೇಶದಲ್ಲಿ ಸಂಸ್ಥಾನಗಳಿಲ್ಲ. ಅರಸರ ಪದವಿಗಳನ್ನೂ ರಾಜಧನವನ್ನೂ 1971ರಲ್ಲಿ ತೆಗೆದುಹಾಕಿದರು. ಡೆನ್ಮಾರ್ಕದವರು ಅರಸನನ್ನು ಇಟ್ಟುಕೊಂಡು ಕಟ್ಟಳೆಯನ್ನು ತಿದ್ದಿದರು. 1953ರಲ್ಲಿ ಪ್ರಜೆಗಳ ಮತವನ್ನು ಕೇಳಿ, ಗಂಡುಮಕ್ಕಳಿಲ್ಲದಿದ್ದರೆ ಮಗಳೂ ಆಳಬಹುದೆಂದು ಗೊತ್ತುಮಾಡಿದರು. 2009ರಲ್ಲಿ ಪುನಃ ಮತವನ್ನು ಕೇಳಿ, ಗಂಡಾಗಲಿ ಹೆಣ್ಣಾಗಲಿ ಮೊದಲು ಹುಟ್ಟಿದ ಮಗುವೇ ಬಾಧ್ಯವೆಂದು ನಿಶ್ಚಯಿಸಿದರು. ಕಟ್ಟಳೆಯು ಬದಲಾದದ್ದರಿಂದ ಅಲ್ಲಿ ಯಾರ ರಕ್ತವೂ ಚೆಲ್ಲಲಿಲ್ಲ. ಯಾಕಂದರೆ ಅದು ಎಲ್ಲರಿಗೂ ಮುಂಚಿತವಾಗಿ ತಿಳಿದಿತ್ತು, ಎಲ್ಲರಿಗೂ ಒಂದೇ ಆಗಿತ್ತು.

ಗಾದಿ ಇಲ್ಲದ ನಮ್ಮ ಮನೆಗಳಲ್ಲಿಯೂ ಹೊಲವಿದೆ, ಹಿತ್ತಲಿದೆ, ಪಾಲು ಕೇಳುವ ಮಕ್ಕಳಿದ್ದಾರೆ. ಇದು ಯಾರಿಗೆ, ಅದು ಯಾರಿಗೆ ಎಂಬದನ್ನು ಹಿರಿಯರು ಬದುಕಿರುವಾಗಲೇ ನ್ಯಾಯವಾಗಿ ಗೊತ್ತುಮಾಡಿ ಬರೆದಿಡುವದು ಒಳ್ಳೇದು. ನರಗುಂದದ ಗುಡ್ಡವನ್ನು ನೋಡಿದಾಗಲೆಲ್ಲ ಈ ಮಾತು ನೆನಪಿಗೆ ಬರಲಿ.