ಸಂತ ಆಗಸ್ಟೀನ್

ಒಳ್ಳೆಯದು ಯಾವುದೆಂದು ಅರಿತೂ ಅದರಂತೆ ನಡೆಯಲಾರದ ಸಂಕಟ ಮನುಷ್ಯನಿಗೆ ಹೊಸದಲ್ಲ. ಆ ಸಂಕಟವನ್ನು ತನ್ನ ಬಾಳಿನಲ್ಲಿಯೇ ಅನುಭವಿಸಿ, ಅದರ ಮೂಲವನ್ನೂ ಪರಿಹಾರವನ್ನೂ ಅರಸಿ, ಕಂಡುಕೊಂಡ ಉತ್ತರದಿಂದ ಕ್ರೈಸ್ತ ಚಿಂತನೆಗೆ ಹೊಸ ರೂಪ ಕೊಟ್ಟ ಮಹನೀಯನು ಸಂತ ಆಗಸ್ಟೀನ್.

ಆಗಸ್ಟೀನನು ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆ ಎಂಬ ಪಟ್ಟಣದಲ್ಲಿ ಜನಿಸಿದನು. ಇಂದು ಅಲ್ಜೀರಿಯ ದೇಶಕ್ಕೆ ಸೇರಿರುವ ಆ ಪ್ರದೇಶವು ಅಂದು ರೋಮನ್ ಸಾಮ್ರಾಜ್ಯದ ಭಾಗವಾಗಿತ್ತು. ತಾಯಿ ಮೋನಿಕಾ ದೃಢವಾದ ಕ್ರೈಸ್ತ ಭಕ್ತೆ. ಬಾಲಕನು ಬುದ್ಧಿವಂತನಾಗಿದ್ದರೂ ಹುಡುಗಾಟದವನು. 16ನೆಯ ವಯಸ್ಸಿನಲ್ಲಿ ಒಂದು ರಾತ್ರಿ ಗೆಳೆಯರೊಡನೆ ನೆರೆಯ ಪೇರ್ ಮರದ ಹಣ್ಣುಗಳನ್ನು ಕದ್ದನು. ಅವನಿಗೆ ಹಸಿವಿರಲಿಲ್ಲ, ಅದಕ್ಕಿಂತ ಒಳ್ಳೆಯ ಹಣ್ಣುಗಳು ಅವನಲ್ಲಿಯೇ ಇದ್ದವು. ಕದ್ದ ಹಣ್ಣುಗಳನ್ನು ಹುಡುಗರು ಹಂದಿಗಳಿಗೆ ಎಸೆದರು. ತಪ್ಪೆಂಬ ಕಾರಣಕ್ಕೇ ಆ ಕೆಲಸ ತನಗೆ ರುಚಿಸಿತೇಕೆ ಎಂಬ ಪ್ರಶ್ನೆ ಮುಂದೆ ಅವನನ್ನು ಬಹುವಾಗಿ ಕಾಡಿತು.

ಉನ್ನತ ವ್ಯಾಸಂಗಕ್ಕೆಂದು ಆಗಸ್ಟೀನನು ಕಾರ್ಥೇಜ್ ನಗರಕ್ಕೆ ತೆರಳಿದನು. ಅಲ್ಲಿ ವಾಗ್ಮಿತೆಯಲ್ಲಿ ಪರಿಣತಿ ಪಡೆದನು, ಭೋಗಜೀವನದಲ್ಲಿಯೂ ಮುಳುಗಿದನು. ಬೆಳಕು ಮತ್ತು ಕತ್ತಲೆ ಎಂಬ ಎರಡು ಶಕ್ತಿಗಳು ಜಗತ್ತಿನಲ್ಲಿ ಹೋರಾಡುತ್ತಿವೆಯೆಂದು ಬೋಧಿಸುವ ಮಾನಿಯ ಪಂಥಕ್ಕೆ ಸೇರಿ, ಸುಮಾರು 9 ವರ್ಷ ಅದರಲ್ಲಿದ್ದನು. ತನ್ನೊಳಗಿನ ಕೇಡಿಗೆ ತಾನಲ್ಲ, ಕತ್ತಲೆಯೇ ಹೊಣೆ ಎಂಬ ಸಮಾಧಾನ ಅಲ್ಲಿ ದೊರೆಯುತ್ತಿತ್ತು. ಆದರೆ ಆ ಸಮಾಧಾನ ಬಹುಕಾಲ ನಿಲ್ಲಲಿಲ್ಲ.

384ರಲ್ಲಿ ಅವನು ಇಟಲಿಯ ಮಿಲಾನ್ ನಗರದಲ್ಲಿ ಅಧ್ಯಾಪಕನಾದನು. ಅಲ್ಲಿನ ಧರ್ಮಾಧ್ಯಕ್ಷ ಆಂಬ್ರೋಸನ ಪ್ರವಚನಗಳೂ ಪ್ಲೇಟೋವಿನ ಅನುಯಾಯಿಗಳ ಗ್ರಂಥಗಳೂ ಅವನ ಕಣ್ಣು ತೆರೆಸಿದವು. ದೇವರು ಒಬ್ಬನೇ; ಅವನು ಸೃಷ್ಟಿಸಿದುದೆಲ್ಲವೂ ಒಳ್ಳೆಯದೇ; ಕೇಡೆಂಬುದು ಬೇರೊಂದು ಶಕ್ತಿಯಲ್ಲ, ಒಳಿತಿನ ಕೊರತೆ; ಮನುಷ್ಯನ ಸಂಕಲ್ಪವು ದೇವರಿಂದ ವಿಮುಖವಾದಾಗ ಪಾಪ ಹುಟ್ಟುತ್ತದೆ ಎಂಬುದು ಅವನಿಗೆ ಸ್ಪಷ್ಟವಾಯಿತು. ಬುದ್ಧಿ ಒಪ್ಪಿತು, ಮನಸ್ಸು ಮಾತ್ರ ಹಳೆಯ ಅಭ್ಯಾಸಗಳನ್ನು ಬಿಡಲೊಲ್ಲದು. 386ರಲ್ಲಿ ಒಂದು ದಿನ ಉದ್ಯಾನದಲ್ಲಿ ಕಣ್ಣೀರಿಡುತ್ತಿದ್ದಾಗ, ಪುಸ್ತಕವನ್ನೆತ್ತಿ ಓದೆಂದು ಹೇಳುವ ಮಗುವಿನ ದನಿಯೊಂದು ಅವನಿಗೆ ಕೇಳಿಸಿತು. ಕೂಡಲೇ ಸಂತ ಪೌಲನ ಪತ್ರಗಳನ್ನು ತೆರೆದನು. ಕಣ್ಣಿಗೆ ಬಿದ್ದ ವಾಕ್ಯ ಅವನ ಸಂಶಯಗಳನ್ನು ನೀಗಿಸಿತು. ಮರುವರ್ಷದ ಈಸ್ಟರ್ ಹಬ್ಬದಲ್ಲಿ ಆಂಬ್ರೋಸನಿಂದ ದೀಕ್ಷಾಸ್ನಾನ ಪಡೆದನು. ಮಗನಿಗಾಗಿ ವರ್ಷಗಟ್ಟಲೆ ಪ್ರಾರ್ಥಿಸಿದ್ದ ಮೋನಿಕಾ ಅದೇ ವರ್ಷ ತೃಪ್ತಿಯಿಂದ ಕಣ್ಮುಚ್ಚಿದಳು.

ಆಫ್ರಿಕಕ್ಕೆ ಮರಳಿದ ಆಗಸ್ಟೀನನನ್ನು 391ರಲ್ಲಿ ಹಿಪ್ಪೋ ನಗರದ ಜನರು ಒತ್ತಾಯಿಸಿ ಪಾದ್ರಿಯನ್ನಾಗಿ ಮಾಡಿದರು. ಕೆಲವೇ ವರ್ಷಗಳಲ್ಲಿ ಅವನು ಅಲ್ಲಿನ ಧರ್ಮಾಧ್ಯಕ್ಷನಾದನು. ಸೆರೆಯಾಳುಗಳನ್ನು ಬಿಡಿಸಲು ಹಣವಿಲ್ಲದಾಗ ದೇವಾಲಯದ ಪಾತ್ರೆಗಳನ್ನೇ ಕರಗಿಸಿ ಕೊಟ್ಟನು. ತನ್ನ ಬಾಳಿನ ತಪ್ಪುಗಳನ್ನು ಮರೆಮಾಚದೆ ದೇವರ ಮುಂದೆ ನಿವೇದಿಸುವ ಆತ್ಮಕಥೆಯನ್ನು ಬರೆದನು. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವದಲ್ಲಿ ದೇವರು ಒಬ್ಬನೇ ಎಂಬ ತತ್ತ್ವವನ್ನು 15 ಭಾಗಗಳ ಗ್ರಂಥವೊಂದರಲ್ಲಿ ವಿವರಿಸಿದನು.

ಆ ಕಾಲದಲ್ಲಿ ಪೆಲೇಜಿಯಸ್ ಎಂಬ ಬೋಧಕನು, ಮನುಷ್ಯನು ಸ್ವಪ್ರಯತ್ನದಿಂದಲೇ ಪಾಪರಹಿತನಾಗಿ ಬಾಳಬಲ್ಲನೆಂದು ಸಾರುತ್ತಿದ್ದನು. ಆಗಸ್ಟೀನನು ಇದನ್ನು ಒಪ್ಪಲಿಲ್ಲ. ಆದಿಮಾನವನ ಪತನದಿಂದ ಮನುಷ್ಯನ ಸಂಕಲ್ಪವೇ ಬಾಗಿದೆ; ಬಾಗಿದುದು ತನ್ನನ್ನು ತಾನೇ ನೆಟ್ಟಗೆ ಮಾಡಿಕೊಳ್ಳಲಾರದು. ಆದುದರಿಂದ ದೇವರೇ ಕ್ರಿಸ್ತನಲ್ಲಿ ಮಾನವನಾಗಿ ಬಂದು, ಶಿಲುಬೆಯ ಮರಣದಿಂದಲೂ ಪುನರುತ್ಥಾನದಿಂದಲೂ ರಕ್ಷಣೆಯನ್ನು ನೀಡಿದನು. ರಕ್ಷಣೆ ದುಡಿಮೆಗೆ ದೊರೆತ ಕೂಲಿಯಲ್ಲ, ಕೃಪೆಯ ದಾನ. ಸತ್ಕಾರ್ಯಗಳು ಆ ಕೃಪೆಯ ಫಲ. ಇದು ಅವನ ಸಿದ್ಧಾಂತ. 418ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಸಭೆಯು ಪೆಲೇಜಿಯಸನ ಬೋಧನೆಯನ್ನು ತಿರಸ್ಕರಿಸಿತು. ಆದಿಪಾಪವನ್ನು ಕುರಿತ ಆಗಸ್ಟೀನನ ವಿವರಣೆಯನ್ನು ಪೂರ್ವದೇಶದ ಕ್ರೈಸ್ತಸಭೆಗಳು ಪೂರ್ಣವಾಗಿ ಸ್ವೀಕರಿಸದಿದ್ದರೂ ಪಶ್ಚಿಮದಲ್ಲಿ ಅದು ಆಳವಾಗಿ ಬೇರೂರಿತು.

410ರಲ್ಲಿ ಗಾಥ್ ಜನಾಂಗದವರು ರೋಮ್ ನಗರವನ್ನು ಸೂರೆಗೊಂಡರು. ಹಳೆಯ ದೇವತೆಗಳನ್ನು ತೊರೆದುದೇ ಇದಕ್ಕೆ ಕಾರಣವೆಂದು ಹಲವರು ಕ್ರೈಸ್ತರನ್ನು ದೂರಿದರು. ಅದಕ್ಕೆ ಉತ್ತರವಾಗಿ ಆಗಸ್ಟೀನನು 22 ಭಾಗಗಳ 'ದೇವನಗರ' ಎಂಬ ಮಹಾಗ್ರಂಥವನ್ನು ರಚಿಸಿದನು. ಸಾಮ್ರಾಜ್ಯಗಳು ಎದ್ದು ಬೀಳುತ್ತವೆ, ದೇವಪ್ರೇಮದ ಮೇಲೆ ನಿಂತ ನಗರವೊಂದೇ ಶಾಶ್ವತ ಎಂಬುದು ಅದರ ಸಾರ.

430ರಲ್ಲಿ ವ್ಯಾಂಡಲರು ಹಿಪ್ಪೋ ನಗರವನ್ನು ಮುತ್ತಿದರು. 75 ವರ್ಷದ ಆಗಸ್ಟೀನನು ಜ್ವರದಿಂದ ಹಾಸಿಗೆ ಹಿಡಿದಿದ್ದನು. ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ, ಮಲಗಿದಲ್ಲಿಂದಲೇ ಕಾಣುವಂತೆ ಗೋಡೆಗೆ ತೂಗಿಸಿ, ಓದುತ್ತ ಕಣ್ಣೀರು ಸುರಿಸುತ್ತಿದ್ದನು. ಆಗಸ್ಟ್ 28ರಂದು ಅವನು ದೈವಾಧೀನನಾದನು. ಕೀರ್ತಿಯ ಶಿಖರವನ್ನು ಏರಿದ್ದರೂ ಕೊನೆಯ ಗಳಿಗೆಯಲ್ಲಿ ಅವನು ತನ್ನ ಪಾಂಡಿತ್ಯವನ್ನಾಗಲಿ ಪುಣ್ಯವನ್ನಾಗಲಿ ನೆಚ್ಚಲಿಲ್ಲ. ತಾನು ಬೋಧಿಸಿದ ಕೃಪೆಯನ್ನೇ ನೆಚ್ಚಿದನು.