ವೇತನವಿಲ್ಲದ ಉಪಾಧ್ಯಾಯಿನಿ: ಎಮ್ಮಿ ನೋಥರ್

ಗಣಿತವೆಂದೊಡನೆ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರ ಮುಖ ಬಾಡುವುದುಂಟು. ಆ ಶಾಸ್ತ್ರಕ್ಕಾಗಿಯೇ ಆಯುಷ್ಯವನ್ನು ಸವೆಸಿದ ಉಪಾಧ್ಯಾಯಿನಿಯೊಬ್ಬರ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ.

ಎಮ್ಮಿ ನೋಥರ್ 1882ನೆಯ ಇಸವಿ ಮಾರ್ಚ್ 23ರಂದು ಜರ್ಮನಿಯ ಎರ್ಲಾಂಗೆನ್ ನಗರದಲ್ಲಿ ಜನಿಸಿದರು. ತಂದೆ ಮಾಕ್ಸ್ ನೋಥರ್ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಆದರೆ ಆ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳು ಸೇರುವಂತಿರಲಿಲ್ಲ. ಪ್ರಾಧ್ಯಾಪಕರ ಅಪ್ಪಣೆ ಪಡೆದು ತರಗತಿಯಲ್ಲಿ ಕುಳಿತು ಕೇಳಬಹುದಾಗಿತ್ತು, ಅಷ್ಟೆ. 1900ರಲ್ಲಿ ಎಮ್ಮಿ ಹಾಗೆಯೇ ಕುಳಿತರು. 1904ರಲ್ಲಿ ಪ್ರವೇಶ, 1907ರಲ್ಲಿ ಡಾಕ್ಟರೇಟ್ ಪದವಿ ದೊರೆತವು. ಬಳಿಕ ಏಳು ವರುಷ ಅಲ್ಲಿಯೇ ಬಿಡಿಗಾಸೂ ಪಡೆಯದೆ ದುಡಿದರು. ತಂದೆಯ ಆರೋಗ್ಯ ಕುಂದಿದಾಗ ಅವರ ಪಾಠಗಳನ್ನೂ ತಾವೇ ಹೇಳಿದರು.

1915ರಲ್ಲಿ, ಗಣಿತಜ್ಞರಿಗೆ ಕಾಶಿಯಂತಿದ್ದ ಗಾಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹಿಲ್ಬರ್ಟ್ ಮತ್ತು ಕ್ಲೈನ್ ಎಂಬ ಘನವಿದ್ವಾಂಸರು ಆಕೆಯನ್ನು ಕರೆಸಿಕೊಂಡರು. ಹೆಂಗಸಿಗೆ ಅಧ್ಯಾಪಕಪೀಠ ಸಲ್ಲದೆಂದು ಅಲ್ಲಿಯ ಕೆಲವು ಪಂಡಿತರು ಹಟ ಹಿಡಿದರು. ಹಿಲ್ಬರ್ಟರು ಸೋಲಲಿಲ್ಲ, ಉಪನ್ಯಾಸಗಳನ್ನು ತಮ್ಮ ಹೆಸರಿನಲ್ಲಿ ಪ್ರಕಟಿಸಿದರು. ಪ್ರಕಟಣೆಯಲ್ಲಿ ಹಿಲ್ಬರ್ಟರ ಹೆಸರು, ಕರಿಹಲಗೆಯ ಮುಂದೆ ಎಮ್ಮಿ! ತಿಂಗಳ ಸಂಬಳವನ್ನೇ ನಂಬಿ ಊರು ಬಿಟ್ಟು ಬಂದ ನಮ್ಮಂಥ ಉಪಾಧ್ಯಾಯರಿಗೆ ಈ ಸಂಗತಿಯನ್ನು ಬರೆಯುವಾಗ ಮನಸ್ಸು ಮುದುಡುತ್ತದೆ.

ಅದೇ ಕಾಲದಲ್ಲಿ, 1918ರಲ್ಲಿ, ಆಕೆ ಒಂದು ಮಹಾಪ್ರಮೇಯವನ್ನು ಸಾಧಿಸಿದರು. ಪ್ರಕೃತಿಯ ನಿಯಮಗಳು ಇಂದಿನಂತೆಯೇ ನಾಳೆಯೂ ಇರುವುದರಿಂದ ಶಕ್ತಿಯ ಒಟ್ಟು ಮೊತ್ತ ಬದಲಾಗದು. ಇಲ್ಲಿರುವಂತೆಯೇ ಅಲ್ಲಿಯೂ ಇರುವುದರಿಂದ ಸಂವೇಗದ ಮೊತ್ತ ಬದಲಾಗದು. ಇಂತಹ ಸಂಬಂಧಗಳೆಲ್ಲ ಆ ಒಂದೇ ಪ್ರಮೇಯದಿಂದ ಹೊರಡುತ್ತವೆ. ಭೌತವಿಜ್ಞಾನಿಗಳು ಇಂದಿಗೂ ಅದನ್ನು ಆಧಾರವಾಗಿ ಹಿಡಿದು ನಡೆಯುತ್ತಾರೆ. ಅದನ್ನು ಗಾಟಿಂಗೆನ್ನಿನ ವಿದ್ವತ್ಸಭೆಯ ಮುಂದಿಟ್ಟವರು ಮಾತ್ರ ಕ್ಲೈನರು.

1919ರಲ್ಲಿ ಸ್ವಂತ ಹೆಸರಿನಲ್ಲಿ ಪಾಠ ಹೇಳುವ ಹಕ್ಕು ಬಂದಿತು. 1922ರಲ್ಲಿ ಪ್ರಾಧ್ಯಾಪಕರೆಂಬ ಬಿರುದು ಬಂದಿತು, ವೇತನ ಬರಲಿಲ್ಲ. ಮರುವರುಷ ಬೀಜಗಣಿತ ಬೋಧನೆಗೆಂದು ಅಲ್ಪ ಸಂಭಾವನೆ ಗೊತ್ತಾಯಿತು. ಪೂರ್ಣ ಪ್ರಾಧ್ಯಾಪಕಪದವಿ ಆಕೆಗೆ ಎಂದೂ ಲಭಿಸಲಿಲ್ಲ. ಆದರೆ ದೂರದೇಶಗಳಿಂದ ಶಿಷ್ಯರು ಅರಸಿಕೊಂಡು ಬಂದರು. ಅವರೊಡನೆ ಆಕೆ ನಡೆಯುತ್ತ ನಡೆಯುತ್ತಲೇ ಗಣಿತವನ್ನು ಚರ್ಚಿಸುತ್ತಿದ್ದರು.

1933ರಲ್ಲಿ ನಾಜಿ ಸರಕಾರವು ಯೆಹೂದ್ಯರೆಂಬ ಕಾರಣಕ್ಕೆ ಆಕೆಯನ್ನು ಕೆಲಸದಿಂದ ತೆಗೆಯಿತು. ಎಮ್ಮಿ ಶಿಷ್ಯರನ್ನು ಮನೆಗೆ ಕರೆದು ಪಾಠ ಹೇಳಿದರು. ಅದೇ ವರುಷ ಅಮೆರಿಕದ ಬ್ರಿನ್ ಮಾರ್ ಮಹಿಳಾ ಕಾಲೇಜು ಆಶ್ರಯವಿತ್ತಿತು. ಅಲ್ಲಿ ತಕ್ಕ ವೇತನ ದೊರೆಯಿತು, ಅದೂ ತಾತ್ಕಾಲಿಕ ಹುದ್ದೆಯಲ್ಲಿ. ಎರಡು ವರುಷ ತುಂಬುವ ಮೊದಲೇ, 1935ರ ಏಪ್ರಿಲ್ 14ರಂದು, ಶಸ್ತ್ರಚಿಕಿತ್ಸೆಯ ತರುವಾಯ ಆಕೆ ತೀರಿಕೊಂಡರು. ಆಗ ವಯಸ್ಸು 53. ಆ ಕಾಲೇಜಿನ ಗ್ರಂಥಾಲಯದ ಮೊಗಸಾಲೆಯ ನೆಲದಡಿಯಲ್ಲಿ ಆಕೆಯ ಚಿತಾಭಸ್ಮವನ್ನು ಇರಿಸಿದ್ದಾರೆ.